ಅಜ್ಜಿ ಕುಡಿಯದ ನೀರು

"ಲಿಂಗಪೂಜಿ ಆಗೂತನಕ ನಾ ನೀರ ಮುಟ್ಟಂಗಿಲ್ಲ," ಎಂದು ಅಜ್ಜಿ ರತ್ನವ್ವ ಗ್ಲಾಸು ದೂರ ಸರಿಸಿದಳು.

ಅವ್ವ ಐಶ್ವರ್ಯಾಳ ಕಡೆ ತಿರುಗಿದಳು. "ಮನಿಯಿಂದ ಅಜ್ಜಿ ಲಿಂಗಾ ತಂದಿಯಿಲ್ಲ?"

ಐಶ್ವರ್ಯಾ ಅದನ್ನು ಮರೆತೇ ಬಂದಿದ್ದಳು. ಶುಕ್ರವಾರ ಸೊಂಟದ ಆಪರೇಶನ್‌ಗೆ ಮುಂಚೆ ಅಜ್ಜಿಯ ಕೊರಳಿನಿಂದ ತೆಗೆದ ಲಿಂಗವನ್ನು ಅಪ್ಪ ಬೆಂಗೇರಿಯ ಮನೆಗೆ ಒಯ್ದು ದೇವರ ಜಗಲಿಯ ಮೇಲೆ ಇಟ್ಟಿದ್ದ. ಇವತ್ತು ಅದನ್ನು ಆಸ್ಪತ್ರೆಗೆ ತರುವ ಕೆಲಸ ಅವಳದು. ಬೈಕ್ ಹತ್ತುವಾಗ "ತಗೊಂಡಿಯೇನ?" ಎಂದು ಅಪ್ಪ ಕೇಳಿಯೂ ಇದ್ದ. ಮೊಬೈಲಿನಲ್ಲಿ ಮುಳುಗಿದ್ದ ಮಹಾರಾಣಿ "ಹೂಂ" ಅಂದಿದ್ದಳು.

ಈಗ ಇಲ್ಲ ಎಂದರೆ ಬೈಗುಳ ಖಂಡಿತ. "ಬ್ಯಾಗಿನ್ಯಾಗ ಐತಿ," ಅಂದುಬಿಟ್ಟಳು.

"ಹಂಗಾದ್ರ ಪೂಜಿ ಮಾಡಿಸಿ ನೀರ ಕುಡಸು. ನಾ ಮನಿಗಿ ಹೋಗಿ ಜಳಕಾ ಮಾಡಿ ಬರತೇನಿ," ಎಂದು ಅವ್ವ ಹೊರಟಳು.

ಸಿಸ್ಟರ್ ವಿದ್ಯಾ ಬಂದು ಸಲಾಯಿನ್ ತೆಗೆದರು. "ತಂಗಿ, ಇವತ್ತಿಂದ ಅಜ್ಜಿಗೆ ಬಾಯಿಲೆ ನೀರ ಕುಡಸಬೇಕು. ಚಷ್ಮಾ ಹಾಕು, ಮಾತಾಡಿಸ್ಕೋತ ಇರು. ವಯಸ್ಸಾದವ್ರಿಗೆ ಆಪರೇಶನ್ ಆದಮ್ಯಾಲ ಒಮ್ಮೊಮ್ಮೆ ತಲಿ ಗೊಂದಲ ಆಕ್ಕೈತಿ. ನೀರ ಕಡಿಮಿ ಆದ್ರಂತೂ ಇನ್ನೂ ಲಗೂ."

ಅವರು ಹೋದದ್ದೇ ತಡ, ಅಜ್ಜಿ ಕೇಳಿದಳು. "ಲಿಂಗಾ ಎಲ್ಲೈತವ್ವಾ?"

"ಬ್ಯಾಗಿನ್ಯಾಗ ಇಲ್ಲ, ಮನಿಯಾಗ ಉಳದೈತಿ. ಅವ್ವ ತರಾಕ ಹೋಗ್ಯಾಳ, ಅಜ್ಜಿ."

ಒಂದು ಸುಳ್ಳಿಗೆ ಒಂಬತ್ತು ಸುಳ್ಳು ಬೇಕಂತೆ. ಐಶ್ವರ್ಯಾ ಗ್ಲಾಸಿನ ಅರ್ಧ ನೀರನ್ನು ಬೇಸಿನ್ನಿಗೆ ಸುರಿದು ಬಂದಳು. ಸಿಸ್ಟರ್ "ಕುಡದ್ರಾ?" ಎಂದು ಕೇಳಿದಾಗ ತಲೆ ಅಲ್ಲಾಡಿಸಿದಳು. ಅಜ್ಜಿಯ ತುಟಿ ಒಣಗುತ್ತಿತ್ತು. ಕಾಯ್ದು ಕಾಯ್ದು ಅವಳಿಗೆ ನಿದ್ದೆ ಹತ್ತಿತು. ಸದ್ಯ, ಕೇಳುವುದು ನಿಂತಿತಲ್ಲ ಎಂದು ಐಶ್ವರ್ಯಾ ಗೇಮ್ ಆಡುತ್ತ ಕೂತಳು.

ಎರಡು ಗಂಟೆಗೆ ಅವ್ವ ಬಂದಾಗ ಅಜ್ಜಿ ಮಂಚದಿಂದ ಕಾಲು ಇಳಿಬಿಡುತ್ತಿದ್ದಳು. "ಗಾಡಿ ಹೂಡ್ರಿ! ಹತ್ತಿ ಬಿಡಸಾಕ ಹೊತ್ತಾತು!"

ಅವ್ವ ಓಡಿಬಂದು ಹಿಡಿದುಕೊಂಡಳು. ಅಜ್ಜಿ ಐಶ್ವರ್ಯಾಳನ್ನು ನೋಡಿ, "ನೀವ್ಯಾರ್ರೀ?" ಎಂದು ಕೇಳಿದಳು.

ಅಜ್ಜಿ ಅವಳಿಗೆ ಎಂದೂ 'ರೀ' ಹಚ್ಚಿ ಮಾತಾಡಿದವಳಲ್ಲ. ಐಶ್ವರ್ಯಾ ಗಳಗಳ ಅತ್ತಳು. ಬೇಸಿನ್ನಿಗೆ ಸುರಿದ ನೀರಿನವರೆಗೆ ಎಲ್ಲವನ್ನೂ ಹೇಳಿದಳು.

ಮತ್ತೆ ಸಲಾಯಿನ್ ಏರಿಸಿದರು. ಅಪ್ಪ ಓಡೋಡಿ ಲಿಂಗ ತಂದ. ಅಜ್ಜಿ ಅಂಗೈಯಲ್ಲಿ ಹಿಡಿದು ಪೂಜೆ ಮಾಡಿದಳು, ನೀರೂ ಕುಡಿದಳು. ಗೊಂದಲ ಮಾತ್ರ ಹೋಗಲಿಲ್ಲ. ಸರಿಹೋಗಲು ಎರಡು ಮೂರು ದಿನ ಬೇಕು ಎಂದರು ಡಾಕ್ಟರು. ಅವ್ವ ಬೈಯಲೇ ಇಲ್ಲ. ಎರಡು ಏಟು ಕೊಟ್ಟಿದ್ದರೆ ಚೆನ್ನಾಗಿತ್ತು ಅನ್ನಿಸಿತು ಐಶ್ವರ್ಯಾಳಿಗೆ.

ಸಂಜೆ ಅಜ್ಜಿ ಮತ್ತೆ ಕೇಳಿದಳು. "ನೀವ್ಯಾರ್ರೀ?"

"ನಾ ಐಶ್ವರ್ಯಾ, ಅಜ್ಜಿ. ಇವತ್ತ ರವಿವಾರ. ನಿನಗ ಆಪರೇಶನ್ ಆಗೇತಿ, ದವಾಖಾನ್ಯಾಗ ಅದೀವಿ." ಇದು ನಾಲ್ಕನೆಯ ಸಲ.

"ನನ್ನ ಮೊಮ್ಮಗಳ ಹೆಸರೂ ಐಶ್ವರ್ಯಾನ ನೋಡ್ರಿ," ಅಜ್ಜಿಯ ಮುಖ ಅರಳಿತು. "ಭಾಳ ಛಲೋ ಹುಡುಗಿ. ಎಂದೂ ಸುಳ್ಳ ಹೇಳೂದಿಲ್ಲ."

ಐಶ್ವರ್ಯಾ ಅಜ್ಜಿಯ ಕೈ ಹಿಡಿದುಕೊಂಡಳು.

"ಇವತ್ತ ಹೇಳ್ಯಾಳ, ಅಜ್ಜಿ," ಅಂದಳು.