ಕಿಡಿಯ ಕೈಗೆ ಬಂದ ಹಸಿರು ಲಾರಿ

"ಈ ವೈರಿಂಗ್ ಮಾಡಿದ ಕತ್ತೆ ಯಾವುದು?"

ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಕಾಲು ಮಾತ್ರ ಹೊರಗೆ ಚಾಚಿ ಮಲಗಿದ್ದವಳ ಪ್ರಶ್ನೆ ಗ್ಯಾರೇಜಿನ ತಗಡಿನ ಮಾಡಿಗೆ ಬಡಿದು ವಾಪಸ್ ಬಂತು.

ಲಾರಿಯ ಬಾಗಿಲ ಹತ್ತಿರ ನಿಂತಿದ್ದವನು ಗಂಟಲು ಸರಿಮಾಡಿಕೊಂಡ. "ಆ ಕತ್ತೆ... ನಾನೇ ಮೇಡಂ."

ಮೆಲ್ಲಗೆ ಒಳಗಿಂದ ಒಂದು ಮುಖ ಹೊರಬಂತು. ಹಣೆಯ ಮೇಲೆ ಮಸಿ, ಕೆನ್ನೆಗೆ ಅಂಟಿದ ಕೂದಲು, ಕಣ್ಣಲ್ಲಿ ನಾಚಿಕೆಯ ಸುಳಿವೇ ಇಲ್ಲ.

"ಹಾಗಾದ್ರೆ ಹೇಳಿ. ಫ್ಯೂಸ್ ಇರಬೇಕಾದ ಜಾಗದಲ್ಲಿ ಚಾಕೊಲೇಟ್ ಕಾಗದ ಯಾಕೆ ಸುತ್ತಿದ್ದೀರ?"

"ಫ್ಯೂಸ್ ಪದೇ ಪದೇ ಸುಡ್ತಿತ್ತು."

"ಅದರ ಕೆಲಸವೇ ಸುಡೋದು! ಅದು ಸುಡದಿದ್ರೆ ಗಾಡಿ ಸುಡುತ್ತೆ. ಚಾಕೊಲೇಟ್ ಯಾರು ತಿಂದಿದ್ದು?"

"ನಾನೇ."

"ಪುಣ್ಯ. ಅಷ್ಟಾದರೂ ಲಾಭವಾಯ್ತು."

ಆ ಬೀದಿಯವರು ಅವಳನ್ನು ಕರೆಯುತ್ತಿದ್ದುದೇ ಕಿಡಿ ಅಂತ. ಕೆಲಸಕ್ಕೂ ಒಪ್ಪುವ ಹೆಸರು, ಬಾಯಿಗೂ ಒಪ್ಪುವ ಹೆಸರು. ಗ್ಯಾರೇಜು ಅಪ್ಪ ಕಟ್ಟಿದ್ದು, ಕೆಲಸವನ್ನೂ ಅಪ್ಪನೇ ಕಲಿಸಿದ್ದು. ಅಪ್ಪ ಹೋದ ಮೇಲೆ ಎಂಜಿನ್ನು ಅಣ್ಣನ ಪಾಲು, ಲೈಟು, ವೈರು ಎಲ್ಲ ಅವಳ ಪಾಲು.

ಎದುರು ನಿಂತವನು ಬಡಗಿ. ಶರ್ಟಿನ ಮಡಿಕೆಯಲ್ಲಿ ಮರದ ಹೊಟ್ಟು, ಕಿವಿಯ ಹಿಂದೆ ಮೊಂಡು ಪೆನ್ಸಿಲ್. ಅವನು ತಂದಿದ್ದ ಲಾರಿ ವಯಸ್ಸಿನಲ್ಲಿ ಅವರಿಬ್ಬರಿಗಿಂತಲೂ ಹಿರಿದು. ದುಂಡು ಮೂತಿ, ಕಪ್ಪೆಗಣ್ಣಿನಂಥ ಹೆಡ್‌ಲೈಟು, ಮೈತುಂಬ ಹೊಸದಾಗಿ ಬಳಿದ ಮಿರಿಮಿರಿ ಹಸಿರು.

"ತೊಂದರೆ ಏನೇನು?" ಕೇಳಿದಳು.

"ಎಡಗಡೆ ಇಂಡಿಕೇಟರ್ ಹಾಕಿದ್ರೆ ಬ್ರೇಕ್ ಲೈಟು ಮಿಟುಕುತ್ತೆ. ಬ್ರೇಕ್ ಒತ್ತಿದ್ರೆ ಇಂಡಿಕೇಟರ್ ಹತ್ಕೊಳ್ಳುತ್ತೆ. ಹಾರನ್ ಹೊಡೆದ್ರೆ ಹೆಡ್‌ಲೈಟು ಕಣ್ಣು ಮುಚ್ಚುತ್ತೆ."

"ಎತ್ತು ಏರಿಗೆ, ಕೋಣ ನೀರಿಗೆ. ಎಲ್ಲೋ ಅರ್ಥಿಂಗ್ ಸರಿಯಿಲ್ಲ."

"ನನಗೂ ಒಂದೂ ಅರ್ಥ ಆಗ್ತಿಲ್ಲ ಮೇಡಂ."

ನಗಬಾರದು ಅಂದುಕೊಂಡಳು. ನಗು ಕೇಳಲಿಲ್ಲ.

"ಇಷ್ಟು ಹಳೇದನ್ನ ಯಾಕೆ ಹಿಡ್ಕೊಂಡಿದ್ದೀರ? ಹೊಸದು ತಗೊಳ್ಳಬಾರದಾ?"

ಅವನ ಮುಖದಲ್ಲಿದ್ದ ತಮಾಷೆ ಹೋಯಿತು. "ಇದು ಅಮ್ಮ ಓಡಿಸಿದ ಗಾಡಿ. ಹೆಂಗಸಿಗೆ ಯಾಕೆ ಲಾರಿ ಅಂತ ಊರೆಲ್ಲ ನಗ್ತಿದ್ದಾಗ ಓಡಿಸಿದ್ದು. ನಾನು ನಡೆಯೋಕೆ ಕಲಿತದ್ದೇ ಇದರ ಹಿಂದಿನ ಹಲಗೆ ಮೇಲೆ. ಹೋದ ಸಲ ಫಿಟ್‌ನೆಸ್ ಪರೀಕ್ಷೇಲಿ ಫೇಲ್ ಮಾಡಿದ್ರು. ಈ ಸಲವೂ ಫೇಲಾದ್ರೆ ಗುಜರಿಗೆ ಹೋಗುತ್ತೆ."

ಅವಳು ಲಾರಿಯ ಸ್ಟಿಯರಿಂಗ್ ಕಡೆ ತಿರುಗಿದಳು. ಆ ಅಮ್ಮನ ಕೈ ಹಿಡಿದು ಹಿಡಿದು ಸವೆದು ನುಣುಪಾದ ಚಕ್ರ.

"ಗುಜರಿಗಾ? ನಾನಿರುವಾಗ?" ಅಂದಳು. "ಬಿಟ್ಟು ಹೋಗಿ. ಅಲ್ಲ, ಸಂಜೆ ಸಂಜೆ ನೀವೂ ಬನ್ನಿ. ನೀವು ಮಾಡಿದ ಪಾಪ ಬಿಚ್ಚುವಾಗ ಲ್ಯಾಂಪ್ ಹಿಡಿಯೋಕಾದ್ರೂ ಆಗಿ."

ಅವನು ಬಂದ. ದಿನಾ ಬಂದ.

ಅವಳು ಟೇಪಿನ ಮೇಲಿನ ಟೇಪು ಕಿತ್ತಳು, ಹಸಿರುಗಟ್ಟಿದ ತಾಮ್ರ ಕತ್ತರಿಸಿದಳು, ಇಲಿ ಕಡಿದ ವೈರುಗಳನ್ನು ಹೊರಗೆಳೆದು ನೆಲಕ್ಕೆ ಹಾಕಿದಳು. ಹೆಡ್‌ಲೈಟಿಗೆ ಬ್ಯಾಟರಿಯಿಂದ ದಪ್ಪ ವೈರು ಎಳೆದು ನಡುವೆ ರಿಲೇ ಸ್ವಿಚ್ಚು ಕೂರಿಸಿದಳು. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಲ್ಯಾಂಪ್ ಹಿಡಿಯುತ್ತಿದ್ದ.

"ರೀ, ಬೆಳಕು ವೈರಿನ ಮೇಲಿರಲಿ. ನನ್ನ ಮುಖದ ಮೇಲಲ್ಲ."

"ಕೈ ಜಾರ್ತು."

"ಜಾರಿದ್ದು ಕೈಯೇನಾ?"

ಬೆಳಕು ಗಡಿಬಿಡಿಯಿಂದ ವೈರಿಗೆ ಹೋಯಿತು. ಅವಳು ಕತ್ತಲಲ್ಲೇ ತುಟಿ ಕಚ್ಚಿಕೊಂಡು ನಕ್ಕಳು.

ಒಂದು ಸಂಜೆ ಅವನು ಕಂಕುಳಲ್ಲಿ ಏನೋ ಹೊತ್ತು ತಂದ. ನಾಲ್ಕು ಪುಟ್ಟ ಚಕ್ರಗಳ ಮರದ ಹಲಗೆ. ತಲೆಯಿಡುವ ಕಡೆ ಸ್ವಲ್ಪ ಎತ್ತರ, ಸೊಂಟದ ಹತ್ತಿರ ಸಣ್ಣ ತಗ್ಗು, ಅಂಚೆಲ್ಲ ನಯ.

"ಸಿಮೆಂಟ್ ನೆಲದ ಮೇಲೆ ಮಲಗ್ತೀರಲ್ಲ. ಬೆನ್ನಿಗೆ ಒಳ್ಳೇದಲ್ಲ."

ಅವಳು ಮಲಗಿ ನೋಡಿದಳು. ಅವಳಿಗೆಂದೇ ಕಡೆದ ಹಾಗಿತ್ತು.

"ನನ್ನ ಅಳತೆ ಯಾವಾಗ ತಗೊಂಡ್ರಿ?"

"ಕಣ್ಣಲ್ಲೇ," ಅಂದವನು, ಅಂದ ಮೇಲೆ ಕಿವಿವರೆಗೂ ಕೆಂಪಾದ. "ಬಡಗಿ ಕಣ್ಣು ಮೇಡಂ. ಅಭ್ಯಾಸ."

"ಬಡಗಿ ಕಣ್ಣಾ!" ಅಂದು ಹಲಗೆಯ ಸಮೇತ ಲಾರಿಯಡಿಗೆ ಸರ್ರನೆ ಜಾರಿಕೊಂಡಳು. ಅಲ್ಲಿ ಅವಳ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಸದ್ಯ.

ಆದರೆ ಅಣ್ಣನಿಗೆ ಹಲಗೆ ಕಂಡಿತು. ಹಲಗೆಗಿಂತ ಹೆಚ್ಚಾಗಿ ತಂಗಿಯ ಗುನುಗು ಕೇಳಿಸಿತು.

ಮರುದಿನ ಬಡಗಿ ಮಧ್ಯಾಹ್ನವೇ ಬಂದಾಗ ಅಣ್ಣ ಷಟರಿಗೆ ಅಡ್ಡ ನಿಂತಿದ್ದ. "ನಿಮ್ಮ ಲಾರಿ ಹೊರಗೆ ತಗೊಳ್ಳಿ. ಕೆಲಸ ಅರ್ಧವಾಗಿದ್ರೂ ಪರವಾಗಿಲ್ಲ."

"ಯಾಕಣ್ಣ?" ಕಿಡಿ ಸ್ಪ್ಯಾನರ್ ಕೈಯಲ್ಲೇ ಹಿಡಿದು ಬಂದಳು.

"ಸ್ಪೇರ್‌ಪಾರ್ಟ್ಸ್ ಅಂಗಡಿಯವರ ಮಗನ ವಿಷಯ ಹೇಳಿದ್ದೆನಲ್ಲ. ಅವರು ಒಪ್ಪಿದ್ದಾರೆ. ಮದುವೆ ಆದ್ಮೇಲೆ ನೀನು ಗ್ಯಾರೇಜಿಗೆ ಬರೋ ಹಾಗಿಲ್ಲ ಅಷ್ಟೇ. ಅವರ ಮನೆ ಹೆಣ್ಣುಮಕ್ಕಳು ಮಸಿ ಮುಟ್ಟಲ್ವಂತೆ."

"ನಾನು ಒಪ್ಪಿದ್ದೀನಾ?"

"ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ ಕಣೆ. ನಾಳೆ ನಿನ್ನ ಯಾರು ನೋಡ್ಕೊಳ್ತಾರೆ?"

"ಇಲ್ಲೀವರೆಗೆ ಯಾರು ನೋಡ್ಕೊಂಡ್ರೋ ಅವಳೇ. ನಾನು."

ಅಣ್ಣ ದನಿ ಏರಿಸಿದ. ಎದುರಿನ ಅಂಗಡಿಯವರು, ದಾರಿಹೋಕರು ನಿಂತು ನೋಡಿದರು. ಕಿಡಿ ಯಾರ ಕಡೆಗೂ ನೋಡಲಿಲ್ಲ. ಟೆಸ್ಟ್ ಲ್ಯಾಂಪು, ಕಟಿಂಗ್ ಪ್ಲೈಯರ್ರು, ಒಂದು ಸುತ್ತು ವೈರು ಚೀಲಕ್ಕೆ ಹಾಕಿಕೊಂಡಳು. ಅರ್ಧ ವೈರು ಕರುಳಿನ ಹಾಗೆ ಜೋತಾಡುತ್ತಿದ್ದ ಲಾರಿಯ ಬಾಗಿಲು ತೆಗೆದು ಹತ್ತಿ ಕೂತಳು.

"ಬೆಳಕಿರೋವಾಗಲೇ ಹೊರಡೋಣ ನಡೀರಿ. ಲೈಟ್ ಬೇಕಾಗಲ್ಲ. ನಿಮ್ಮ ಅಂಗಳದಲ್ಲಿ ಕೆಲಸ ಮುಗಿಸ್ತೀನಿ."

ಬಡಗಿ ಅಣ್ಣನ ಕಡೆ ನೋಡಿದ, ಅವಳ ಕಡೆ ನೋಡಿದ, ಆಮೇಲೆ ಹತ್ತಿ ಕೂತು ಎಂಜಿನ್ ಚಾಲೂ ಮಾಡಿದ.

"ಈಗ ಹೋದ್ರೆ ವಾಪಸ್ ಬರಬೇಡ!" ಅಣ್ಣ ಕೂಗಿದ.

ಕಿಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಬರ್ತೀನಿ ಅಣ್ಣ. ಯಾಕೆ ಬರಬಾರದು? ಅದು ಅಪ್ಪನ ಗ್ಯಾರೇಜು. ನಿನಗೆ ಎಷ್ಟು ಅಪ್ಪನೋ ನನಗೂ ಅಷ್ಟೇ ಅಪ್ಪ!"

ಲಾರಿ ಗುಡುಗುತ್ತಾ ಬೀದಿ ದಾಟಿತು. ತಿರುವು ಕಳೆದ ಮೇಲಷ್ಟೇ ಅವಳು ಹಿಂತಿರುಗಿ ನೋಡಿದ್ದು. ಬಡಗಿ ಅದನ್ನು ಗಮನಿಸಿದ. ಗೇರ್ ಬದಲಿಸಿದ ಕೈಯನ್ನು ಹಿಂದಕ್ಕೆ ತೆಗೆಯದೆ ಸೀಟಿನ ಮೇಲೆ, ಅವಳ ಕೈ ಪಕ್ಕದಲ್ಲಿ ಇಟ್ಟ. ನಡುವೆ ಒಂದು ಬೆರಳಿನ ಜಾಗ. ಆ ಜಾಗವನ್ನು ತುಂಬಿದ್ದು ಅವಳೇ.

ಬಡಗಿಯ ಅಮ್ಮನನ್ನು ಎಲ್ಲರೂ ಡ್ರೈವರಮ್ಮ ಅನ್ನುತ್ತಿದ್ದರು. ಮಂಡಿ ಸೋತಿತ್ತು, ದನಿ ಸೋತಿರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕಿಡಿಯ ಕೆಲಸ ನೋಡುತ್ತಾ ಕೂತರು. ರಾತ್ರಿ ತಮ್ಮ ಪಕ್ಕದಲ್ಲೇ ಅವಳಿಗೆ ಹಾಸಿಗೆ ಹಾಸಿದರು.

ಮುಂದಿನ ಲೈಟುಗಳೆಲ್ಲ ಸರಿಹೋದವು. ಹಿಂದಿನವು ಮಾತ್ರ ಹಟ ಬಿಡಲಿಲ್ಲ. ಹೊಸ ವೈರು, ಹೊಸ ಬಲ್ಬು, ಆದರೂ ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣಮಿಣ.

ಕಿಡಿ ಬ್ಯಾಟರಿಯಿಂದಲೇ ಒಂದು ಉದ್ದ ವೈರು ಎಳೆದು, ಅದರ ತುದಿಯನ್ನು ಹಿಂದಿನ ಲೈಟಿನ ತಗಡಿಗೆ ಮುಟ್ಟಿಸಿದಳು. ಬ್ರೇಕ್ ಲೈಟು ಧಗ್ಗನೆ ಹತ್ತಿತು. ತೆಗೆದಳು, ಮಂಕಾಯಿತು. ಅಡಿಗೆ ತೂರಿ, ಲೈಟಿನ ಅರ್ಥಿಂಗ್ ವೈರನ್ನು ಲಾರಿಯ ಚಾಸಿ ಚೌಕಟ್ಟಿಗೆ ಬಿಗಿದಿದ್ದ ಬೋಲ್ಟು ಬಿಚ್ಚಿದಳು. ಬೋಲ್ಟಿನ ಕೆಳಗೆ ದಪ್ಪನೆ, ಹೊಳೆಹೊಳೆಯುವ ಹಸಿರು ಬಣ್ಣ.

"ಇಲ್ಲಿ ಬಣ್ಣ ಹಚ್ಚಿದ್ದು ಯಾರು?"

ಬಡಗಿ ತಲೆ ಕೆರೆದುಕೊಂಡ. "ನಾನೇ. ಪರೀಕ್ಷೆಗೆ ಚೆನ್ನಾಗಿ ಕಾಣ್ಲಿ ಅಂತ ಎಲ್ಲ ಬಿಚ್ಚಿ, ಮೂಲೆಮೂಲೆಗೂ ಹಚ್ಚಿದೆ."

"ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು! ಕರೆಂಟು ಹೋದ್ರೆ ಸಾಲದು ರೀ, ವಾಪಸ್ ಬರೋಕೂ ದಾರಿ ಬೇಕು. ಬಣ್ಣ ಬಳಿದು ನೀವು ಆ ದಾರಿ ಮುಚ್ಚಿದ್ದೀರ. ಅದಕ್ಕೇ ಅದು ಪಾಪ, ಸಿಕ್ಕಸಿಕ್ಕ ಬಲ್ಬಿನೊಳಗೆ ನುಗ್ತಿದೆ."

ಡ್ರೈವರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೋಡು ಮಗಳೇ, ನನ್ನ ಮಗ ಒಳ್ಳೆಯವನೇ. ಆದ್ರೆ ಜೀವಮಾನದಲ್ಲಿ ವೈರು ಮುಟ್ಟೋಕೆ ಬಿಡಬೇಡ."

ಜೀವಮಾನ ಅನ್ನುವ ಮಾತಿಗೆ ಇಬ್ಬರೂ ಒಟ್ಟಿಗೆ ತಲೆಯೆತ್ತಿ, ಒಟ್ಟಿಗೆ ತಗ್ಗಿಸಿದರು. ಕಿಡಿ ಮರಳುಕಾಗದ ತೆಗೆದು ಬಣ್ಣ ಉಜ್ಜತೊಡಗಿದಳು. ಲೋಹ ಹೊಳೆಯುವವರೆಗೂ ಉಜ್ಜಿದಳು. ಬೋಲ್ಟು ಬಿಗಿದ ಮೇಲೆ ಒಂದೊಂದು ಲೈಟೂ ತನ್ನ ಸರದಿಗೆ ಮಾತ್ರ ಹತ್ತಿತು.

ಪರೀಕ್ಷೆಯ ಮೈದಾನದಲ್ಲಿ ಬೆಳಗ್ಗೆಯಿಂದ ಸಾಲು. ಡ್ರೈವರಮ್ಮ ಲಾರಿಯೊಳಗೆ ಮಹಾರಾಣಿ ಹಾಗೆ ಕೂತಿದ್ದರು. ಇನ್ಸ್‌ಪೆಕ್ಟರ್ ಎಡ ಅಂದರೆ ಎಡ, ಬಲ ಅಂದರೆ ಬಲ. ಬ್ರೇಕಿಗೆ ಕೆಂಪು, ಹಾರನ್ನಿಗೆ ಹೆಡ್‌ಲೈಟು ರೆಪ್ಪೆ ಕೂಡ ಬಡಿಯಲಿಲ್ಲ. ಆತ ಲಾರಿಯ ಸುತ್ತ ಇನ್ನೊಮ್ಮೆ ಬಂದು, "ಪಾಸ್. ತಗೊಂಡು ಹೋಗಿ," ಅಂದ.

ಡ್ರೈವರಮ್ಮ ಒಳಗಿಂದಲೇ ಶಿಳ್ಳೆ ಹೊಡೆದರು.

ಅಷ್ಟರಲ್ಲಿ ಅಣ್ಣನ ಬೈಕು ಬಂದು ನಿಂತಿತು. "ಸಾಕು, ಮನೆಗೆ ನಡಿ. ಇವತ್ತು ಸಂಜೆ ಅವರು ಮಾತಾಡೋಕೆ ಬರ್ತಿದ್ದಾರೆ."

"ಬರೋದು ಬೇಡ ಅಂತ ಫೋನ್ ಮಾಡು," ಕಿಡಿ ಅಂದಳು. "ನಾನು ಇವರನ್ನ ಮದುವೆ ಆಗ್ತೀನಿ."

ಸಾಲಿನಲ್ಲಿದ್ದ ಡ್ರೈವರುಗಳೆಲ್ಲ ತಿರುಗಿದರು. ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಬಡಗಿ.

"ನನ್ನನ್ನ... ಯಾರೂ ಕೇಳಲೇ ಇಲ್ಲ," ಅಂದ ಮೆಲ್ಲಗೆ.

"ಈಗ ಕೇಳ್ತಿದ್ದೀನಲ್ಲ. ಕೇಳೋಕೆ ಮುಂಚೆ ಇನ್ನೊಂದು ಮಾತು. ನಾನು ಕೆಲಸ ಬಿಡಲ್ಲ. ಬಿಡು ಅಂದ್ರೆ ಮೊದಲು ನಿಮ್ಮನ್ನ ಬಿಡ್ತೀನಿ. ಈಗ ಹೇಳಿ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳಬೇಡಿ."

ಅವನು ಕಿವಿಯ ಹಿಂದಿನ ಪೆನ್ಸಿಲ್ ತೆಗೆದ, ಮತ್ತೆ ಇಟ್ಟ. "ನನಗೆ ಮಾತು ಬರಲ್ಲ. ಆದ್ರೆ ಮನೇಲಿ ನಿಮ್ಮ ಬೆಂಚು ಎಲ್ಲಿ ಹಾಕೋದು ಅಂತ ಮೊನ್ನೆಯೇ ಗೋಡೆ ಅಳೆದು ಇಟ್ಟಿದ್ದೀನಿ."

"ಯಾವ ಗೋಡೆ? ಹಿತ್ತಲ ಕಡೆಯದಾ?"

"ಕಿಟಕಿ ಇರೋ ಗೋಡೆ. ಕೆಲಸಕ್ಕೆ ಬೆಳಕು ಬೇಕಲ್ಲ."

ಇಷ್ಟು ಹೊತ್ತು ಎಲ್ಲರ ಎದುರು ಸೆಟೆದು ನಿಂತಿದ್ದವಳ ಕಣ್ಣು ಆಗ ತುಂಬಿಬಂತು. ಮಸಿಗೈಯಲ್ಲೇ ಒರೆಸಿಕೊಂಡಳು. ಕೆನ್ನೆಯೆಲ್ಲ ಕಪ್ಪಾಯಿತು. ಅವನು ಕೈಯೆತ್ತಿ, ಅಷ್ಟು ಜನರ ನಡುವೆ, ಹೆಬ್ಬೆರಳಿನಿಂದ ಆ ಕಪ್ಪನ್ನು ಒರೆಸಿದ. ಅಣ್ಣ ಬೈಕು ತಿರುಗಿಸಿಕೊಂಡು ಹೋದ.

ಮರುದಿನ ಬೆಳಗ್ಗೆ ಅವಳು ಗ್ಯಾರೇಜಿಗೆ ಹೊರಟಾಗ ಬಡಗಿ ಜೊತೆಗೆ ಬಂದ. ಬೀದಿಯ ಈಚೆಗೇ ಅವನನ್ನು ನಿಲ್ಲಿಸಿದಳು. "ಇಲ್ಲೇ ಇರಿ. ಇದು ನನ್ನ ಜಗಳ."

ಅಣ್ಣ ಯಾವುದೋ ಎಂಜಿನ್ನಿನೊಳಗೆ ಬಗ್ಗಿದ್ದ. ತಲೆ ಎತ್ತಲಿಲ್ಲ. ಅವಳು ಯಾರನ್ನೂ ಕೇಳದೆ ತನ್ನ ಬೆಂಚಿನ ಧೂಳು ಒರೆಸಿ, ಕಾಯುತ್ತಿದ್ದ ಕಾರೊಂದರ ಬಾನೆಟ್ ಎತ್ತಿದಳು. ಇಬ್ಬರ ಸ್ಪ್ಯಾನರುಗಳೂ ಒಂದೇ ಸಮ ಸದ್ದು ಮಾಡಿದವು.

"ಯಾವಾಗ?" ಎಂಜಿನ್ನಿನೊಳಗಿಂದಲೇ ಅಣ್ಣ ಕೇಳಿದ.

"ಏನು?"

"ಮದುವೆ."

ಕಿಡಿಯ ಕೈ ನಿಂತಿತು. ಆದರೂ ದನಿ ಗಟ್ಟಿಯಾಗೇ ಬಂತು. "ಗ್ಯಾರೇಜಿಗೆ ರಜಾ ಇರೋ ದಿನ ನೋಡು. ಕೆಲಸದ ದಿನ ನನಗಾಗಲ್ಲ."

"ಕೊಬ್ಬು," ಅಂದ ಅಣ್ಣ. ಬೈಗುಳದಂತೆ ಕೇಳಲಿಲ್ಲ.

ಅವಳು ಹೊರಗೆ ನೋಡಿದಳು. ಬೀದಿಯ ಆಚೆ ಬಿಸಿಲಲ್ಲಿ ಬಡಗಿ ಇನ್ನೂ ನಿಂತಿದ್ದ. ಹೋಗಿ, ನಿಮಗೆ ಕೆಲಸ ಇಲ್ವಾ ಅಂತ ಕೈಸನ್ನೆ ಮಾಡಿದಳು. ಅವನು ತಲೆಯಾಡಿಸಿದ. ಹೋಗಲ್ಲ. ಕಣ್ಣು ದೊಡ್ಡದು ಮಾಡಿ ಹೆದರಿಸಿದಳು. ಅವನು ಕೈಕಟ್ಟಿ ಗೋಡೆಗೆ ಒರಗಿ, ಇನ್ನಷ್ಟು ಆರಾಮಾಗಿ ನಿಂತ.