ಕೀ ಕಿತ್ತುಕೊಂಡ ಕೈ

"ಶಶಿರೇಖಾ ಅನ್ನೋರ ಮನೆ ಇದೇನಾ?"

ಕುರಿಮರಿಯ ಬಾಯಿಗೆ ಔಷಧಿ ಹಾಕುತ್ತಿದ್ದ ಶಶಿರೇಖಾಳ ಕೈ ಅಲ್ಲೇ ನಿಂತಿತು.

ಬೇಲಿಯ ಆಚೆ ಒಬ್ಬ ಯುವಕ. ಹೆಗಲಲ್ಲಿ ಕಪ್ಪು ಬ್ಯಾಗು. ಬ್ಯಾಗಿನ ಮೇಲೆ ದಪ್ಪಕ್ಷರದಲ್ಲಿ ಫೈನಾನ್ಸ್ ಕಂಪನಿಯ ಹೆಸರು!

ಅಯ್ಯೋ ದೇವರೇ... ಫೋನ್ ಮಾಡಿ ಬರ್ತೀವಿ ಅಂದಿದ್ದರಲ್ಲ!

ಬೈಕ್ ಸಾಲಕ್ಕೆ ಅವಳು ಅರ್ಜಿ ಹಾಕಿದ್ದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಜಗಲಿಯ ಮೇಲೆ ಅಪ್ಪ ಲೋಕಪ್ಪ ಕುಳಿತಿದ್ದ. ಪಕ್ಕದಲ್ಲೇ ಕುರಿ ಕಾಯುವ ಕೋಲು. ಫೈನಾನ್ಸ್‌ನವರು ಹೊಸ್ತಿಲಿಗೆ ಬಂದರೆ ಕಾಲು ಮುರೀತೀನಿ ಅಂತ ಉಡುತಡಿಗೆಲ್ಲ ಕೇಳುವಂತೆ ಕೂಗಿ ಹೇಳಿದ ಮನುಷ್ಯ ಅವನು.

"ಯಾರಪ್ಪಾ ನೀನು? ಏನಾಗ್ಬೇಕಿತ್ತು?"

ಶಶಿರೇಖಾ ಅಪ್ಪನಿಗೆ ಕಾಣದಷ್ಟು ಸಣ್ಣಗೆ ತಲೆ ಅಲ್ಲಾಡಿಸಿದಳು. ಬೇಡ... ಹೇಳಬೇಡಿ... ದಮ್ಮಯ್ಯ!

ಯುವಕ ಅವಳ ಕಣ್ಣುಗಳನ್ನೇ ನೋಡಿದ. ಮೆಲ್ಲಗೆ ಬ್ಯಾಗನ್ನು ಬೆನ್ನ ಹಿಂದಕ್ಕೆ ಸರಿಸಿದ.

"ಮಾಳೇಶ ಅಂತ. ಸೊರಬದ ಹತ್ರ ಉಳವಿಯವನು. ಕುರಿಗಳಿಗೆ ಲಸಿಕೆ ಹಾಕೋ ಶಶಿರೇಖಾ ಅವರ ಮನೇಲಿ ಒಳ್ಳೆ ಟಗರು ಇದಾವೆ ಅಂದ್ರು... ನೋಡ್ಕೊಂಡು ಹೋಗಣ ಅಂತ ಬಂದೆ."

"ಟಗರೇನು? ಬಾ, ಬಾ!" ಅಪ್ಪ ಎದ್ದೇ ಬಿಟ್ಟ. ಅರ್ಧ ಗಂಟೆ ಒಂದೊಂದೇ ಟಗರಿನ ಹಲ್ಲು, ಕೊಂಬು ತೋರಿಸಿದ.

ಮಧ್ಯಾಹ್ನ ಅವಳು ಊರ ಕ್ರಾಸಿಗೆ ಓಡಿದಳು. ಅವನಿನ್ನೂ ಬಸ್ಸಿಗೆ ಕಾಯುತ್ತಿದ್ದ.

"ನೀವು ಹೇಳಿಬಿಟ್ಟಿದ್ರೆ... ನಮ್ಮಪ್ಪ ನಿಮ್ಮನ್ನ ಸುಮ್ನೆ ಬಿಡ್ತಿರಲಿಲ್ಲ ರೀ!"

"ನಾನು ಮನೆ ನೋಡಿ ವರದಿ ಬರೆಯೋನು ಅಷ್ಟೇ. ಯಾಕೆ ಅಷ್ಟೊಂದು ಸಿಟ್ಟು?"

ಅವಳು ಹೇಳಿದಳು. ಮೂರು ವರ್ಷದ ಹಿಂದೆ ಅಣ್ಣ ಹರೀಶ ಕಂತಿನಲ್ಲಿ ಬೈಕ್ ತಗೊಂಡಿದ್ದ. ಮೂರು ಕಂತು ತಪ್ಪಿತು. ಶಿಕಾರಿಪುರದ ಸಂತೆಯಲ್ಲಿ ಫೈನಾನ್ಸ್‌ನವರು ಇಬ್ಬರು ಅಡ್ಡಗಟ್ಟಿ ಕೀ ಕಿತ್ತುಕೊಂಡರು.

"ನಮ್ಮಪ್ಪ ಅವರ ಕಾಲಿಗೆ ಬಿದ್ರು... ಸಂತೆ ಜನ ಎಲ್ಲಾ ನೋಡ್ತಿದ್ರು. ಆಮೇಲೆ ಒಂದು ವರ್ಷ ಅಪ್ಪ ಸಂತೆಗೇ ಹೋಗ್ಲಿಲ್ಲ."

ಮಾಳೇಶನ ಮುಖ ಬಿಳುಚಿಕೊಂಡಿತು. ಅವನು ಕೇಳಿದ, "ಅಷ್ಟೆಲ್ಲಾ ಆದ್ಮೇಲೂ ನಿಮಗೆ ಬೈಕ್ ಬೇಕಾ?"

"ಲಸಿಕೆ ಇಟ್ಟ ಐಸ್ ಡಬ್ಬಿ ಹಿಡ್ಕೊಂಡು ಬಸ್ಸಿಗೆ ಕಾಯ್ತೀನಿ ರೀ. ಐಸ್ ಕರಗಿದ್ರೆ ಲಸಿಕೆ ಹಾಳು. ಹೋದ ತಿಂಗಳು ಬಳ್ಳಿಗಾವಿಗೆ ಎರಡು ದಿನ ತಡವಾಗಿ ಹೋದೆ. ಒಂದೇ ಮನೇಲಿ ಹನ್ನೊಂದು ಕುರಿ ಸತ್ತಿದ್ವು. ಆ ಮನೆ ಅಮ್ಮ ನನಗೆ ಬೈಲಿಲ್ಲ... ಸುಮ್ನೆ ನೋಡಿದ್ರು. ಆ ನೋಟ ಇನ್ನೂ ಮರೆಯಾಕಾಗ್ತಿಲ್ಲ."

ಅವನು ತಲೆ ತಗ್ಗಿಸಿದ. "ವರದಿ ಚೆನ್ನಾಗಿಯೇ ಬರೀತೀನಿ."

ಆಮೇಲೆ ಫೋನುಗಳು ಶುರುವಾದವು. ಮೊದಲು ಆಧಾರ್ ಪ್ರತಿಗೆ, ಆಮೇಲೆ ಫೋಟೊಗೆ, ಕೊನೆಗೆ ಯಾವ ನೆಪವೂ ಇಲ್ಲದೆ... ಅವನ ದನಿ ಕೇಳದ ದಿನ ಅವಳಿಗೆ ಕೈಕೆಲಸವೇ ಓಡುತ್ತಿರಲಿಲ್ಲ. ಆದರೂ ಒಂದೊಂದು ಸಲ ಅವನು ಮಾತಿನ ಮಧ್ಯೆ ತಡವರಿಸುತ್ತಿದ್ದ. "ಶಶಿ, ನಿಮಗೆ ಒಂದು ವಿಷಯ ಹೇಳ್ಬೇಕು..." ಅನ್ನುತ್ತಿದ್ದ. ಹೇಳದೆ ಫೋನ್ ಇಡುತ್ತಿದ್ದ.

'ಪ್ರೀತಿ ವಿಷಯವೇ ಇರ್ಬೇಕು!' ಅಂತ ಅವಳು ಒಬ್ಬಳೇ ನಾಚುತ್ತಿದ್ದಳು.

ಸಾಲ ಮಂಜೂರಾಯಿತು. ಸಹಿಗೆ ಕಾಗದ ಹಿಡಿದು ಅವನು ಕ್ರಾಸಿಗೆ ಬಂದ ದಿನವೇ ಹರೀಶ ಅಲ್ಲಿ ಬಸ್ಸಿಳಿದ.

ಹರೀಶನ ಕಣ್ಣು ಕೆಂಪಾದವು.

"ಶಶಿ! ಇವನ ಜೊತೆ ಏನು ಮಾತು ನಿಂಗೆ? ಅವತ್ತು ಸಂತೇಲಿ ನನ್ನ ಕೀ ಕಿತ್ಕೊಂಡವ್ನು ಇವ್ನೇ!"

ಶಶಿರೇಖಾ ಮಾಳೇಶನ ಕಡೆ ತಿರುಗಿದಳು.

"ಸುಳ್ಳು ಅನ್ನಿ ಮಾಳೇಶ... ಸುಳ್ಳು ಅಂತ ಹೇಳಿ!"

"ನಿಜ. ಅದನ್ನೇ ಹೇಳ್ಬೇಕು ಅಂತಿದ್ದೆ..."

"ಅಷ್ಟು ದಿನ ನನ್ನ ಜೊತೆ ನಗ್ತಾ ಮಾತಾಡಿದ್ರಲ್ಲ! ಥೂ!"

ಕಾಗದಗಳನ್ನು ಅವನ ಎದೆಗೆ ಎಸೆದು ಅವಳು ತಿರುಗಿ ನೋಡದೆ ನಡೆದಳು. ಹಿಂದೆಯೇ ಬಂದ ಹರೀಶ ಹೇಳಿದ, "ನಾಳೆ ಬೆಳಗ್ಗೆ ಅಪ್ಪಗೆ ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ."

ಬೆಳಗಾಯಿತು. ಶಶಿರೇಖಾ ಅಂಗಳದಲ್ಲಿ ಅಪ್ಪನ ಎದುರು ನಿಂತಳು. "ಅಪ್ಪಾ..." ಅನ್ನುವಷ್ಟರಲ್ಲಿ ಬೇಲಿಯ ಹತ್ತಿರ ಹೆಜ್ಜೆ ಸದ್ದು!

ಮಾಳೇಶ. ಈ ಸಲ ಬ್ಯಾಗು ಎದೆಯ ಮೇಲೆಯೇ ಇತ್ತು.

ಇವನಿಗೇನು ಹುಚ್ಚಾ! ವಾಪಸ್ ಹೋಗು... ಅಪ್ಪ ಕೊಂದೇ ಬಿಡ್ತಾನೆ!

"ಲೋಕಪ್ಪನೋರೇ, ನಾನು ಟಗರು ವ್ಯಾಪಾರದವನಲ್ಲ. ಫೈನಾನ್ಸ್‌ನವನು. ಅವತ್ತು ಸಂತೇಲಿ ಕೀ ಕಿತ್ಕೊಂಡ ಕೈ ಇದೇ."

ಅಪ್ಪನ ಕೈ ಕೋಲಿಗೆ ಹೋಯಿತು.

"ಕೆಲಸಕ್ಕೆ ಸೇರಿ ಹನ್ನೆರಡು ದಿನ ಆಗಿತ್ತು. ನೀವು ನನ್ನ ಮುಖಾನೂ ನೋಡ್ದೆ ಕಾಲಿಗೆ ಬಿದ್ರಲ್ಲ... ಮಾರನೇ ದಿನವೇ ಆ ಕೆಲಸ ಬಿಟ್ಟೆ. ಎರಡು ವರ್ಷ ಮಾವನ ಕುರಿ ಮೇಯಿಸಿದೆ. ಈಗ ಬರೀ ವರದಿ ಬರೆಯೋ ಕೆಲಸ. ಕ್ಷಮಿಸಿ ಅಂತ ಕೇಳಕ್ಕೂ ಮುಖ ಇಲ್ಲ... ಹೊಡೀರಿ."

ಕೋಲು ಮೇಲೆ ಹೋಯಿತು. ಶಶಿರೇಖಾ ಓಡಿ ನಡುವೆ ನಿಂತಳು.

"ಸಾಲ ಕೇಳಿದ್ದು ನಾನಪ್ಪಾ! ಇವರನ್ನ ಊರಿಗೆ ಬರೋ ಹಂಗೆ ಮಾಡಿದ್ದೂ ನಾನೇ. ಹೊಡೆದ್ರೆ ನನಗೆ ಹೊಡಿ!"

ಅವಳು ಪಕ್ಕಕ್ಕೆ ಸರಿಯಲಿಲ್ಲ.

ಅಪ್ಪ ಮಗಳನ್ನು ನೋಡಿದ. ಅವನನ್ನು ನೋಡಿದ. ಕೋಲು ನಿಧಾನಕ್ಕೆ ನೆಲ ಮುಟ್ಟಿತು.

"ಕಾಗದ ತಂದೀಯೇನು?" ಅಪ್ಪ ಕೇಳಿದ.

"ಹ್ಞೂಂ..."

"ಕುಂದ್ರು. ಓದು. ಒಂದಕ್ಷರ ಬಿಡಂಗಿಲ್ಲ. ಅವತ್ತು ಹರೀಶ ಸಹಿ ಹಾಕಿದಾಗ ಯಾರೂ ಓದಿ ಹೇಳ್ಲಿಲ್ಲ. ಏನಕ್ಕೆ ಒಪ್ಕೊಂಡೀವಿ ಅಂತ ನಮಗೆ ತಿಳಿದಿದ್ದು ಸಂತೇಲಿ!"

ಮಾಳೇಶ ಜಗಲಿಯ ಕೆಳಗೆ ಕುಳಿತು ಓದಿದ. ಕಂತು ತಪ್ಪಿದರೆ ಏನಾಗುತ್ತೆ, ಎಷ್ಟು ದಿನದ ಗಡುವು, ನೋಟಿಸ್ ಬರದೆ ಯಾರಾದರೂ ಗಾಡಿಗೆ ಕೈ ಹಾಕಿದರೆ ಎಲ್ಲಿ ದೂರು ಕೊಡಬೇಕು... ಅಪ್ಪ ತಡೆತಡೆದು ಪ್ರಶ್ನೆ ಕೇಳಿದ. ಬಾಗಿಲಿಗೆ ಒರಗಿದ್ದ ಹರೀಶನೂ ಕೊನೆಗೆ ಬಂದು ಕುಳಿತ. ಓದಿ ಮುಗಿಯುವಷ್ಟರಲ್ಲಿ ಬಿಸಿಲು ಅಂಗಳಕ್ಕೆ ಇಳಿದಿತ್ತು.

"ಸಹಿ ಹಾಕವ್ವ," ಅಂದ ಅಪ್ಪ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಕುರಿಗಳ ಕಡೆಗೆ ನಡೆದ.

ಶಶಿರೇಖಾಳ ಕಣ್ಣೀರು ಕಾಗದದ ಮೇಲೆ ಬಿತ್ತು.

"ನಮ್ಮಪ್ಪನ ಕೋಲಿಗೆ ಭಯ ಆಗ್ಲಿಲ್ವಾ?" ಪಿಸುಗುಟ್ಟಿದಳು.

"ಆಯ್ತು. ಆದ್ರೆ ನಿನ್ನೆ ನೀವು ತಿರುಗಿ ನೋಡದೆ ಹೋದ್ರಲ್ಲ... ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ ಶಶಿ."

ಹದಿನೈದು ದಿನಕ್ಕೆ ಗಾಡಿ ಬಂತು. ಅಪ್ಪನ ಒಪ್ಪಿಗೆ ಕೇಳಿಯೇ ಅವಳು ಮಾಳೇಶನನ್ನು ಹಿಂದೆ ಕೂರಿಸಿಕೊಂಡಳು.

"ನಿಧಾನ... ನಿಧಾನ ಮಾರಾಯ್ತಿ!"

"ಬೈಕ್ ಸಾಲ ಕೊಡಿಸೋರಿಗೆ ಬೈಕ್ ಮೇಲೆ ಕೂರೋಕೆ ಭಯಾನಾ?"

"ಭಯ ಬೇರೆ ವಿಷಯಕ್ಕೆ... ಸೋಮವಾರ ನಮ್ಮವ್ವ ನಿಮ್ಮ ಮನೆಗೆ ಬರ್ತಾಳೆ."

"ಯಾಕೆ?"

"ಹೆಣ್ಣು ಕೇಳಕ್ಕೆ."

ಗಾಡಿ ಒಂದು ಸಲ ಜಗ್ಗಿ ರಸ್ತೆಯ ನಡುವೆಯೇ ನಿಂತುಬಿಟ್ಟಿತು. ಅವಳು ತಿರುಗಿ ನೋಡಲಿಲ್ಲ.

"ಶಶಿ... ಏನಾದ್ರೂ ಹೇಳು. ನನಗೆ ಜೀವ ಹೋಗ್ತಾ ಇದೆ."

"ಸೋಮವಾರ ಯಾಕೆ ರೀ..." ಅವಳು ಮೆಲ್ಲಗೆ ಅಂದಳು. "ನಾಳೆನೇ ಬರೋಕಾಗಲ್ವಾ?"