ಗೋಡೆಯೊಳಗಿನ ಮಗಳು

"ಬೆಟ್ಟ ನೋಡ್ಕೊಂಡು ಬಾ, ಬೇಡ ಅನ್ನಲ್ಲ. ಆ ಗೋಡೆಯ ಕಲ್ಲು ಮಾತ್ರ ಕೀಳಬೇಡ," ಎಂದರು ಅತ್ತೆ. ಬೆಟ್ಟದ ಬುಡದಲ್ಲೇ ಹುಟ್ಟಿ ಬೆಳೆದವರು ಅವರು.

ಹಿಂದೆ ಅಲ್ಲೊಂದು ಕೋಟೆಯಿತ್ತಂತೆ. ಗೋಡೆ ಗಟ್ಟಿಯಾಗಿ ನಿಲ್ಲಲೆಂದು ದೊರೆ ಒಬ್ಬ ಬಡ ಹುಡುಗಿಯನ್ನು ಜೀವಂತವಾಗಿ ಅದರೊಳಗೆ ಹೂಳಿಸಿದ. ಹುಡುಗಿಯ ತಾಯಿ ಮಾಟ ಬಲ್ಲವಳು. ಹಸಿ ಗಾರೆಗೆ ತನ್ನ ನೆತ್ತರು ಬಳಿದು, ಈ ಗೋಡೆ ಕಟ್ಟಿಸಿದವನನ್ನೂ, ಮುಂದೆ ನನ್ನ ಮಗಳ ನಿದ್ದೆ ಕೆಡಿಸುವವರನ್ನೂ ಅವರ ಮನೆಯವರೇ ಮರೆಯಲಿ ಎಂದು ಶಪಿಸಿದಳು. ಮರುದಿನ ರಾಣಿಗೆ ದೊರೆಯ ಗುರುತು ಹತ್ತಲಿಲ್ಲ. ಕಾವಲಿನವರು ಅವನನ್ನು ಹೊರಗೆ ದಬ್ಬಿದರು. ಒಡೆಯನಿಲ್ಲದ ಕೋಟೆಯನ್ನು ಜನ ಕಲ್ಲುಕಲ್ಲಾಗಿ ಹೊತ್ತೊಯ್ದರು. ಆ ಒಂದು ಗೋಡೆಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ.

ಸೊಸೆ ಕಾಲೇಜಿನಲ್ಲಿ ಇತಿಹಾಸ ಕಲಿಸುವವಳು. ಆ ಕೋಟೆಯ ಮೇಲೆ ಪುಸ್ತಕ ಬರೆಯುವ ಹಟಕ್ಕೆ ಬಿದ್ದಿದ್ದಳು. "ಹಾಗಾದ್ರೆ ಪರೀಕ್ಷೆಗೆ ಮುಂಚೆ ನಮ್ಮ ಹುಡುಗರ ಪಾಠವೆಲ್ಲ ಅಲ್ಲಿಗೇ ಹೋಗಿ ಬರುತ್ತೆ ಅನ್ಸುತ್ತೆ ಅತ್ತೆ, ಒಬ್ಬರಿಗೂ ನೆನಪಿರಲ್ಲ," ಎಂದು ನಕ್ಕು, ಮಗಳ ಕೆನ್ನೆ ಹಿಂಡಿ ಹೊರಟಳು.

ಮುಳ್ಳುಪೊದೆಗಳ ಹಿಂದೆ ಎದೆಯೆತ್ತರದ ಮೋಟುಗೋಡೆ. ಮಟಮಟ ಮಧ್ಯಾಹ್ನದಲ್ಲೂ ಕಲ್ಲು ಕೊರೆಯುವಷ್ಟು ತಣ್ಣಗಿತ್ತು. ಈಗಷ್ಟೇ ಬಳಿದಂಥ ಹಸಿ ಸುಣ್ಣದ ವಾಸನೆ. ಹಕ್ಕಿಗಳ ದನಿ ಯಾವಾಗಲೋ ನಿಂತುಹೋಗಿತ್ತು. ಅವಳು ಸಂದಿಗೆ ಉಳಿ ತೂರಿಸಿ ಮೀಟಿದಳು. ಕಲ್ಲು ಕಳಚಿ ಬಿತ್ತು. ಒಳಗೆ ಗವ್ವೆನ್ನುವ ಕತ್ತಲು, ನೆತ್ತರಿನ ಕಮಟು. ಟಾರ್ಚ್ ಬೆಳಕಿಗೆ ಪುಟ್ಟ ತಲೆಬುರುಡೆಯೊಂದು ಕಂಡಿತು.

ಪರ್ ಪರ್. ಉಗುರಿನಿಂದ ಕಲ್ಲು ಕೆರೆಯುವ ಸದ್ದು. ನಿಂತಿತು. ಮತ್ತೆ ಶುರುವಾಯಿತು. ಹತ್ತಿರ. ಇನ್ನೂ ಹತ್ತಿರ. ಕಿವಿಯ ಮೇಲೆ ತಣ್ಣನೆಯ ಉಸಿರು.

"ಅಮ್ಮಾ?"

ಬಿದ್ದಳು. ಎದ್ದಳು. ಓಡಿದಳು.

ಮನೆಯ ಬಾಗಿಲು ತೆರೆದ ಗಂಡ ಯಾರು ಬೇಕಿತ್ತು ಎಂದು ಕೇಳಿದ. ತಮಾಷೆಯೆಂದುಕೊಂಡಳು. ಅವನು ನಗಲಿಲ್ಲ. ಅವನ ಹಿಂದೆ, ಗೋಡೆಯ ಮೇಲಿನ ಮದುವೆ ಫೋಟೋದಲ್ಲಿ ಅವನೊಬ್ಬನೇ ನಿಂತಿದ್ದ. ಅವಳು ಮಗಳನ್ನು ಕೂಗಿ ಕರೆದಳು. ಮಗು ಓಡಿ ಬಂದು, ಅವಳನ್ನು ಕಂಡದ್ದೇ ಅಪ್ಪನ ಕಾಲಿನ ಹಿಂದೆ ಅಡಗಿತು. ಅದರ ಬೆನ್ನಿನ ಮೇಲಿನ ಮಚ್ಚೆ, ಜ್ವರ ಬಂದಾಗ ಅದು ಹಿಡಿಯುವ ರಚ್ಚೆ, ಎಲ್ಲವನ್ನೂ ಅವಳು ಒದರಿದಳು. ಹೇಳಿದಷ್ಟೂ ಗಂಡನ ಮುಖ ಬಿಳಿಚಿಕೊಂಡಿತು. ಅವನು ಮಗುವನ್ನು ಎತ್ತಿಕೊಂಡು ಒಳಗೆ ಹೋದ.

ಅತ್ತೆ ಹೊರಗೆ ಬಂದರು. ಅವಳ ಕೈಗೆ ಮೆತ್ತಿದ ಸುಣ್ಣವನ್ನು ನೋಡುತ್ತ ನಿಂತರು.

"ಬೆಟ್ಟಕ್ಕೆ ಹೋಗಿದ್ರೇನಮ್ಮ?"

ಇಷ್ಟು ವರ್ಷದಲ್ಲಿ ಅವರು ಅವಳನ್ನು ಬಹುವಚನದಲ್ಲಿ ಮಾತಾಡಿಸಿದ್ದೇ ಇಲ್ಲ. ಅವಳು ಹೂಂ ಎಂದಳು.

ಅತ್ತೆ ಒಂದು ಲೋಟ ನೀರು ತಂದುಕೊಟ್ಟು, ಕುಡಿಯುವ ತನಕ ಕಾದು, ಲೋಟ ಇಸಿದುಕೊಂಡರು. ಬಾಗಿಲು ಹಾಕುವ ಮುಂಚೆ ಮರುಕದಿಂದ ಕೇಳಿದರು:

"ನಿಮ್ಮ ಮನೇಲಿ ಹೇಳೋರು ಯಾರೂ ಇರ್ಲಿಲ್ವಾ?"